ಬರ್ತೀನಿ ಅಂದ ಪಾದ್ರಿ

ನವೆಂಬರ್ 27, 2022. ಆಗಮನ ಕಾಲದ ಮೊದಲ ಭಾನುವಾರ

ಚರ್ಚಿನ ವರ್ಷ ಇವತ್ತು ಶುರು. ನನ್ನ ವನವಾಸವೂ ಇವತ್ತೇ ಶುರು. ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿರುವುದು ಭಾಷಾಭಿಮಾನದಿಂದಲ್ಲ, ಇಲ್ಲಿನ ಆಫೀಸಿನ ಮೇಜಿಗೆ ಬೀಗವಿಲ್ಲ ಎಂದು. ವರ್ಜೀನಿಯಾದ ಫೇರ್‌ಫ್ಯಾಕ್ಸಿನ ಈ ಸೇಂಟ್ ಆಸ್ವಿನ್ ಚರ್ಚಿನಲ್ಲಿ ಕನ್ನಡ ಓದಬಲ್ಲ ಪ್ರಾಣಿ ನಾನೊಬ್ಬಳೇ.

ಮುಂದೊಂದು ದಿನ ಇದನ್ನು ತೆರೆದು ನೋಡುವ ನನಗೇ ನೆನಪಿರಲಿ ಎಂದು ಬರೆದಿಡುತ್ತೇನೆ: ಬೆಟಗೇರಿಯ ಸೌಮ್ಯಾ, ನಲವತ್ತಾರು ವರ್ಷ, ಎಪಿಸ್ಕೋಪಲ್ ಸಭೆಯ ಪಾದ್ರಿ, ಪ್ರಸಂಗ ಮಾಡುವ ವಿದ್ಯೆಯಲ್ಲಿ ಚಿನ್ನದ ಪದಕ. ಗಂಡ ಅವಿನಾಶ್‌ಗೆ ಆಶ್‌ಬರ್ನಿನ ಡೇಟಾ ಸೆಂಟರಿನಲ್ಲಿ ಕೆಲಸ. ಅವರ ಹಿಂದೆ ಬಂದವಳು ಇಲ್ಲೇ ಓದಿ ದೀಕ್ಷೆ ಪಡೆದೆ. ಬಿಷಪ್ ನನ್ನನ್ನು ಒಂದು ವರ್ಷದ ಮಟ್ಟಿಗೆ ಇಲ್ಲಿಗೆ ಕಳಿಸಿದ್ದಾರೆ. ಇರುವುದು ನಲವತ್ತೊಂದು ಜನ. ಪರವಾಗಿಲ್ಲ, ಒಂದು ವರ್ಷ ತಾನೇ. ಜಾರ್ಜಿಯಾದ ಸುವಾನಿಯಲ್ಲಿ ಒಂದು ದೊಡ್ಡ ಚರ್ಚಿದೆ. ಒಂಬೈನೂರು ಜನ, ಮೂರು ಕ್ಯಾಮೆರಾ. ಬರುವ ವರ್ಷದ ಕೊನೆಗೆ ಅಲ್ಲಿ ಪ್ರಸಂಗಕ್ಕೆಂದೇ ಒಬ್ಬ ಪಾದ್ರಿಯನ್ನು ಆರಿಸುತ್ತಾರಂತೆ. ಅರ್ಜಿ ಹಾಕಿದ್ದೇನೆ. ನನ್ನ ಪ್ರಸಂಗದ ಮೂರು ವಿಡಿಯೋ, ಇಲ್ಲಿನ ಸಮಿತಿಯ ಒಂದು ಪತ್ರ, ಇಷ್ಟು ಕೊಟ್ಟರೆ ಸಾಕು. ಆ ಕೆಲಸ ನನಗೆ ಬೇಕೇ ಬೇಕು.

ಇವತ್ತಿನ ವಾಕ್ಯ 'ಎಚ್ಚರವಾಗಿರಿ' ಎಂಬುದು. ಅದರ ಗ್ರೀಕ್ ಮೂಲವನ್ನು ಮೂರು ಬಗೆಯಲ್ಲಿ ಬಿಡಿಸಿ ತೋರಿಸಿದೆ. ಮುಂದಿನ ಸಾಲಿನ ಇಬ್ಬರು ಮಲಗಿದ್ದು ಆಗಲೇ. ಸಮಿತಿಯ ಹಿರಿಯರು ಕ್ಲೇಟನ್ ಎಂದು, ನಿವೃತ್ತ ಟ್ರಾಫಿಕ್ ಇಂಜಿನಿಯರ್. ಕೊನೆಯ ಸಾಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಬಾಗಿಲಲ್ಲಿ ಕೈ ಕುಲುಕಿ, "ಇಪ್ಪತ್ನಾಲ್ಕು ನಿಮಿಷ ಹತ್ತು ಸೆಕೆಂಡು" ಎಂದು ಹೇಳಿ ದಡಬಡ ಕಾರು ಹತ್ತಿದರು. ಬೆಟಗೇರಿಯಲ್ಲಿ ಒಂದು ತಾಸಿಗಿಂತ ಕಡಿಮೆ ಮಾತಾಡಿದರೆ ಅಯ್ಯನವರಿಗೆ ಜ್ವರ ಬಂದಿದೆಯೇ ಎಂದು ವಿಚಾರಿಸುತ್ತಾರೆ.

ಡಿಸೆಂಬರ್ 14

ಚರ್ಚಿಗೆ ಬರಲಾಗದವರ ಮನೆ ಭೇಟಿ. ಮಿಸ್ ಓಪಲ್, ಎಂಬತ್ತೆಂಟು ವರ್ಷ, ಒಂಟಿ, ಒಂದು ಬೆಕ್ಕು. ಬೆಕ್ಕಿನ ಹೆಸರು ಬಿಷಪ್. ಹಸಿರು ಜೆಲ್ಲಿಯೊಳಗೆ ಕ್ಯಾರೆಟ್ ತುರಿ ತುಂಬಿಸಿ, ಇದು ಸಲಾಡ್ ಎಂದು ಕೊಟ್ಟರು. ಪಾದ್ರಿಯಾದವಳು ಏನನ್ನಾದರೂ ನಂಬಲು ಸಿದ್ಧಳಿರಬೇಕು, ತಿಂದೆ. ಪ್ರಾರ್ಥನೆ ಮಾಡಿ, ಕರ್ತನ ಭೋಜನ ಕೊಟ್ಟು, ಬಾಗಿಲಲ್ಲಿ ಮರ್ಯಾದೆಯಿಂದ "ಓಕೆ, ಐ ವಿಲ್ ಕಮ್" ಎಂದು ಹೇಳಿ ಹೊರಟೆ. ಓಪಲ್ ಮುಖ ಅರಳಿತು. "ನಿಜವಾಗಲೂ?" ಎಂದರು. ಏನು ಕೇಳಿದರೋ ತಿಳಿಯಲಿಲ್ಲ, ತಲೆಯಾಡಿಸಿದೆ.

ಈ ವಾರ ಇಂಥ ಏಳು ಮನೆ ಮುಗಿಸಿದೆ. ಇನ್ನು ನೆಮ್ಮದಿಯಾಗಿ ಕೂತು ಪ್ರಸಂಗ ತಿದ್ದಬಹುದು.

ಡಿಸೆಂಬರ್ 25

ಕ್ರಿಸ್ಮಸ್. ಇಪ್ಪತ್ತೆರಡು ನಿಮಿಷ. ಒಂದು ಮಗು ಅತ್ತಿತು, ಉಳಿದವರು ತಡೆದುಕೊಂಡರು. ಮೊದಲ ವಿಡಿಯೋ ಸಿದ್ಧ.

ಫೆಬ್ರವರಿ 19, 2023

ಕ್ಲೇಟನ್ ಇವತ್ತು ಆರಾಧನೆಗೆ ಮುಂಚೆಯೇ ಆಫೀಸಿಗೆ ಬಂದು ಒಂದು ಹಾಳೆ ಮೇಜಿನ ಮೇಲಿಟ್ಟರು. ಏಳು ಹೆಸರು, ಪ್ರತಿ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ.

"ರೆವರೆಂಡ್, ಇವರೆಲ್ಲರಿಗೂ ಮತ್ತೆ ಬರುತ್ತೇನೆಂದು ಮಾತು ಕೊಟ್ಟಿದ್ದೀರಿ. ಎರಡು ತಿಂಗಳಾಯಿತು. ಮಿಸ್ ಓಪಲ್ ಪ್ರತಿ ಮಧ್ಯಾಹ್ನ ಎರಡು ಚಹಾದ ಕಪ್ಪು ಇಟ್ಟುಕೊಂಡು ಕಾಯುತ್ತಿದ್ದಾರೆ."

"ನಾನು ಯಾರಿಗೂ ಮಾತು ಕೊಟ್ಟಿಲ್ಲ."

"ಏಳು ಜನ ಕೂಡಿ ಸುಳ್ಳು ಹೇಳಲಾರರು. ಇದರಲ್ಲಿ ಈ ಇಬ್ಬರು ಒಬ್ಬರನ್ನೊಬ್ಬರು ಮಾತಾಡಿಸಿಯೇ ಹನ್ನೊಂದು ವರ್ಷವಾಯಿತು."

ನನಗೆ ಬೇಕಾದ ಪತ್ರ ಬರೆಯುವವರು ಇದೇ ಮನುಷ್ಯ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಪ್ರಸಂಗದಲ್ಲಿ ಎರಡು ಸಲ ತಡವರಿಸಿದೆ.

ಫೆಬ್ರವರಿ 22. ಬೂದಿ ಬುಧವಾರ

ತಪಸ್ಸಿನ ಕಾಲ ಶುರುವಾಯಿತು. ಬೆಳಿಗ್ಗೆ ಎಲ್ಲರ ಹಣೆಗೂ ಬೂದಿಯ ಶಿಲುಬೆ ಎಳೆದು, ನೀನು ಮಣ್ಣು ಎಂಬುದನ್ನು ಮರೆಯಬೇಡ ಎಂದು ಹೇಳಿ, ನನ್ನ ಹಣೆಗೂ ಹಚ್ಚಿಸಿಕೊಂಡು, ಮೆಂತ್ಯ ಸೊಪ್ಪಿಗೆಂದು ಇಂಡಿಯನ್ ಸ್ಟೋರಿಗೆ ಹೋದೆ. ಟೋಪಿ ಉಜ್ಜಿ ಉಜ್ಜಿ ಶಿಲುಬೆ ಹಣೆಯಗಲ ಹರಡಿತ್ತು. ಬೇಳೆಗಳ ಸಾಲಿನಲ್ಲಿ ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟ ಅಮ್ಮ ಒಬ್ಬರು ನನ್ನನ್ನು ನೋಡಿ ನಿಂತುಬಿಟ್ಟರು. ಬಾಗಲಕೋಟೆಯ ಮಹಾದೇವಕ್ಕ, ಮಗಳ ಬಾಣಂತನಕ್ಕೆ ಬಂದವರು.

"ಎಷ್ಟ ಚಂದ ಈಬತ್ತಿ ಹಚ್ಚೀಯವಾ ತಂಗಿ. ಈ ದೇಶದಾಗ ಯಾರೂ ಹಚ್ಚೂದಿಲ್ಲ ನೋಡು. ಯಾವೂರು?"

"ಬೆಟಗೇರಿರಿ. ಆದ್ರ ಇದು ಈಬತ್ತಿ ಅಲ್ರಿ. ನಾ ಪಾದ್ರಿ ಅದೀನ್ರಿ."

"ಬೂದಿ ಹೌದಿಲ್ಲೋ?"

"ಬೂದಿ ಹೌದ್ರಿ."

"ಹಣಿಮ್ಯಾಗ ಹಚ್ಚೀದಿ ಹೌದಿಲ್ಲೋ?"

"ಹೌದ್ರಿ."

"ಮತ್ತ ಈಬತ್ತಿನ ಅದು," ಎಂದು ತೀರ್ಪು ಕೊಟ್ಟು, "ಬರ್ತೀನವಾ" ಎಂದು ತೊಗರಿಬೇಳೆ ಹೊತ್ತು ನಡೆದರು. ಏಳು ವರ್ಷ ದೇವಶಾಸ್ತ್ರ ಓದಿದ ನಾನು ಮೆಂತ್ಯ ಸೊಪ್ಪು ಹುಡುಕಲು ಹೊರಟೆ.

ಮನೆಗೆ ಬಂದು ಅವಿನಾಶ್‌ಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಬರ್ತೀನಿ ಅಂದ್ರಲ್ಲ, ಯಾವಾಗ ಬರ್ತಾರಂತ ನಮ್ಮನಿಗೆ?"

"ಅಯ್ಯ, ಹೋಗೋ ಮುಂದ ಹಂಗ ಅಂತಾರಲ್ರಿ. ಖರೇನ ಬರ್ತಾರೇನು?"

"ಮತ್ತ ನೀ ಓಪಲ್ ಮನಿಂದ ಹೊರಡೋ ಮುಂದ ಏನಂದಿ?"

ನಾನು ಹಣೆ ಬಡಿದುಕೊಂಡೆ, ಅಂಗೈಗೆಲ್ಲ ಬೂದಿ ಮೆತ್ತಿತು. ಅವಿನಾಶ್ ನಗಲು ಶುರುಮಾಡಿದವರು ಒಗ್ಗರಣೆ ಸೀಯುವ ತನಕ ನಿಲ್ಲಿಸಲಿಲ್ಲ.

ನಮ್ಮಲ್ಲಿ ಹೊರಡುವವರು ಹಾಗೇ ಹೇಳುವುದು, ಅದು ಮಾತು ಕೊಟ್ಟಂತಲ್ಲ ಎಂದು ಎಲ್ಲರಿಗೂ ಒಪ್ಪಿಸಿಬಿಡಬಹುದು. ಆದರೆ ಇಂಗ್ಲಿಷ್ ಸರಿಯಾಗಿ ಬಾರದ ಪಾದ್ರಿ ಎಂದು ಕ್ಲೇಟನ್ ಪತ್ರದಲ್ಲಿ ಬರೆದರೆ ಸುವಾನಿಯ ಕತೆ ಮುಗಿದಂತೆ. ಏಳು ಮನೆ ತಾನೇ, ಇನ್ನೊಂದು ಸಲ ಹೋಗಿ ಕೈ ತೊಳೆದುಕೊಳ್ಳುತ್ತೇನೆ.

ಮಾರ್ಚ್ 9

ಏಳು ಮನೆಗೂ ಹೋಗಿ ಬಂದೆ. ಇನ್ನು ಏಳು ಬಾಕಿ. ಅವೇ ಏಳು.

ಓಪಲ್ ಬಾಗಿಲಲ್ಲಿ ನಿಂತು 'ಐ ಆಮ್ ಗೋಯಿಂಗ್' ಅನ್ನಲು ಎಷ್ಟು ಒದ್ದಾಡಿದೆ. ಎಂಬತ್ತೆಂಟು ವರ್ಷದ ಜೀವದ ಎದುರು ನಿಂತು ಹೋಗುತ್ತೇನೆ ಅನ್ನುವುದು ಹೇಗೆ? ಚಿಕ್ಕವಳಿದ್ದಾಗ ಹಾಗಂದರೆ ಅವ್ವ ಬಾಯಿಯ ಮೇಲೆ ಹೊಡೆಯುತ್ತಿದ್ದಳು. 'ಸೀ ಯು' ಅನ್ನುವುದನ್ನು ಕನ್ನಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಗಿಲ ಹಿಡಿಕೆ ಮುಟ್ಟಿದ್ದೇ ತಡ, ನಾಲಿಗೆ ನನ್ನನ್ನು ಕೇಳದೆ "ಐ ವಿಲ್ ಕಮ್" ಎಂದಿತು.

"ಗುರುವಾರವೇ?" ಎಂದರು ಓಪಲ್, ಕ್ಯಾಲೆಂಡರಿನ ಕಡೆ ನಡೆಯುತ್ತ.

ಕ್ಲೇಟನ್ ಆಫೀಸಿನ ಗೋಡೆಗೆ ಚಾರ್ಟ್ ಅಂಟಿಸಿದ್ದಾರೆ. ಹೋಗಬೇಕಾದ ಮನೆಗೆ ಕೆಂಪು, ದಿನ ಗೊತ್ತಾದರೆ ಹಳದಿ, ಹೋಗಿ ಬಂದರೆ ಹಸಿರು. ಹಸಿರು ಬಿದ್ದ ಮರುಕ್ಷಣವೇ ಕೆಂಪು ಬೀಳುತ್ತಿದೆ. ಈ ಮನುಷ್ಯ ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕನ್ನು ಹೇಗೆ ಹಾಳುಮಾಡಿದರೆಂದು ಈಗ ತಿಳಿಯಿತು.

ಮಾರ್ಚ್ 26

ಭೇಟಿಗಳಿಂದ ಪ್ರಸಂಗ ಹಾಳಾಗುತ್ತಿದೆ. ಲಾಜರನನ್ನು ಎಬ್ಬಿಸಿದ ಅಧ್ಯಾಯಕ್ಕೆ ಹದಿನೆಂಟು ಪುಟ ಟಿಪ್ಪಣಿ ಮಾಡಬೇಕೆಂದಿದ್ದೆ. ಶುಕ್ರವಾರವೆಲ್ಲ ಓಪಲ್ ಮನೆಯ ಹೊಗೆ ಅಲಾರ್ಮಿಗೆ ಬ್ಯಾಟರಿ ಹಾಕುವುದರಲ್ಲಿ ಹೋಯಿತು. ಮೂರು ವಾರದಿಂದ ಅದು ಕುಂಯ್ ಎನ್ನುತ್ತಿತ್ತಂತೆ, ಹಕ್ಕಿ ಗೂಡು ಕಟ್ಟಿದೆ ಎಂದುಕೊಂಡು ಅವರು ಕೆಳಗೆ ಕಾಳು ಹಾಕಿದ್ದರು.

ಪ್ರಸಂಗದ ನಡುವೆ ಟಿಪ್ಪಣಿ ತೀರಿಹೋಯಿತು. ಬೇರೆ ದಾರಿ ಕಾಣದೆ, ಮಾರ್ಥಳು 'ಕರ್ತನೇ, ನೀನು ಬೇಗ ಬಂದಿದ್ದರೆ' ಎಂದು ಗದರಿದ್ದು ಮಿಸ್ ಓಪಲ್ ನನ್ನನ್ನು ಗದರಿದ ಹಾಗೇ ಇದೆ ಎಂದುಬಿಟ್ಟೆ. ಅಲಾರ್ಮಿನ ಕತೆಯೂ ಬಾಯಿಂದ ಜಾರಿತು. ಜನ ಗೊಳ್ಳೆಂದು ನಕ್ಕರು. ಪ್ರಸಂಗದಲ್ಲಿ ನಗುವುದೆಂದರೇನು? ಹದಿನಾಲ್ಕು ನಿಮಿಷ. ವಿಡಿಯೋ ಕಳಿಸುವ ಮಾತೇ ಇಲ್ಲ.

ಏಪ್ರಿಲ್ 9

ಈಸ್ಟರ್. ಹನ್ನೆರಡು ನಿಮಿಷ. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಆ ಇಬ್ಬರು, ಲೂಥರ್ ಮತ್ತು ಆತನ ತಂಗಿ, ಒಂದೇ ಕಾರಿನಲ್ಲಿ ಬಂದಿಳಿದರು. ಒಂದು ಕಾರು ಕೆಟ್ಟಿರಬೇಕು.

ಜೂನ್ 4. ತ್ರಯೈಕ್ಯ ಭಾನುವಾರ

ಪಾದ್ರಿಗಳ ಪಾಲಿಗೆ ವರ್ಷದ ಅತಿ ಕಷ್ಟದ ದಿನ. ಮೂವರು ಒಬ್ಬರು ಹೇಗೆ ಎಂದು ವಿವರಿಸಬೇಕು. ಚಿನ್ನದ ಪದಕ ಬಂದದ್ದೇ ಈ ವಿಷಯಕ್ಕೆ. ಆ ಪ್ರಸಂಗವನ್ನೇ ಬೆಳೆಸಿ ಸುವಾನಿಗೆ ಕಳಿಸಬೇಕೆಂದು ಜನವರಿಯಿಂದ ಕನಸು ಕಂಡಿದ್ದೆ. ಬಿಷಪ್ ಕಳೆದುಹೋದ. ಬೆಕ್ಕು. ಎರಡು ದಿನ ಬೀದಿ ಬೀದಿಯಲ್ಲಿ "ಬಿಷಪ್, ಬಿಷಪ್, ಮೀನು ಕೊಡ್ತೀನಿ ಬಾ" ಎಂದು ಪಾದ್ರಿ ಕಾಲರು ಹಾಕಿಕೊಂಡು ಕೂಗುತ್ತ ತಿರುಗಿದೆ. ಸಿಕ್ಕಿದ್ದು ಲೂಥರ್ ಮನೆಯಲ್ಲಿ. ಅವರ ಮನೆಯಲ್ಲಿ ನೂರಾ ಹನ್ನೆರಡು ಗೋಡೆ ಗಡಿಯಾರಗಳಿವೆ, ಯಾವ ಎರಡೂ ಒಂದೇ ಹೊತ್ತು ತೋರಿಸುವುದಿಲ್ಲ. ಯಾವುದು ಸರಿ ಎಂದರೆ, "ಎಲ್ಲವೂ ಸರಿಯೇ, ರೆವರೆಂಡ್, ಕೇಳುವವರು ಅವಸರ ಮಾಡಬಾರದು" ಎನ್ನುತ್ತಾರೆ.

ಇವತ್ತು ಹೋಗಿ ನಿಂತು ಆ ಗಡಿಯಾರಗಳ ಕತೆಯನ್ನೇ ಹೇಳಿದೆ. ತ್ರಯೈಕ್ಯ ನನಗೆ ಪೂರ್ತಿ ಅರ್ಥವಾಗಿಲ್ಲ, ನಿಮಗೂ ಆಗಿರದಿದ್ದರೆ ಒಟ್ಟಿಗೆ ಕೂತು ಅರ್ಥವಾಗದೇ ಇರೋಣ ಎಂದು ಹೇಳಿ ಕುಳಿತುಬಿಟ್ಟೆ. ಎಂಟೋ ಒಂಬತ್ತೋ ನಿಮಿಷ. ಕ್ಲೇಟನ್ ಬಾಗಿಲಲ್ಲಿ ಕೈ ಹಿಡಿದು, "ಗಡಿಯಾರ ಒತ್ತುವುದು ಮರೆತೆ" ಎಂದರು. ಅವರಿಗೂ ನನ್ನ ಮೇಲೆ ಆಸೆ ಹೋಗಿದೆ. ಅದರ ಮೇಲೆ ಆರಾಧನೆಯ ಹಾಳೆಗಳು ಇಪ್ಪತ್ತು ಕಡಿಮೆ ಬಿದ್ದವು. ಪ್ರಿಂಟರ್ ಎಣಿಕೆ ತಪ್ಪುತ್ತಿದೆ, ರಿಪೇರಿಗೆ ಹೇಳಬೇಕು.

ಆಗಸ್ಟ್ 2

ಏಳು ಮನೆ ಈಗ ಇಪ್ಪತ್ತಾರಾಗಿವೆ. ಕಾಯಿಲೆ ಇಲ್ಲದವರೂ ಕರೆಯುತ್ತಾರೆ. ಎಲ್ಲರ ಹಿತ್ತಿಲಲ್ಲೂ ಸೌತೆಯಂಥ ಜುಕಿನಿ ಕಾಯಿ, ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಸೋಮವಾರ ಜುಕಿನಿ ಪಲ್ಯ, ಮಂಗಳವಾರ ಜುಕಿನಿ ಬಜ್ಜಿ, ಇವತ್ತು ಜುಕಿನಿ ತುರಿದು ಹಾಕಿದ ರೊಟ್ಟಿ.

"ಇನ್ನೊಂದು ಜುಕಿನಿ ತಂದ್ರ ನಾ ನಿನ್ನ ಚರ್ಚ್ ಬಿಟ್ಟು ಬ್ಯಾಪ್ಟಿಸ್ಟ್ ಆಗ್ತೀನಿ ನೋಡು," ಎಂದರು ಅವಿನಾಶ್.

ಕಾರಿನಲ್ಲಿ ಇನ್ನೂ ಒಂಬತ್ತಿವೆ. ಹೇಳಲಿಲ್ಲ.

ಸೆಪ್ಟೆಂಬರ್ 18

ಪತ್ರದ ವಿಷಯ ಕೇಳಿಬಿಡೋಣವೆಂದು ಕ್ಲೇಟನ್ ಮನೆಗೆ ಹೋದೆ. ಇದೇ ಮೊದಲ ಸಲ. ಚಾರ್ಟಿನಲ್ಲಿ ಅವರ ಹೆಸರೇ ಇಲ್ಲವಲ್ಲ. ಬಾಗಿಲು ತೆಗೆದವರು ಏಪ್ರನ್ ಕಟ್ಟಿಕೊಂಡಿದ್ದರು. ಹಾಲ್‌ನಲ್ಲಿ ಆಸ್ಪತ್ರೆಯ ಮಂಚ, ಅದರ ಮೇಲೆ ಅವರ ಹೆಂಡತಿ ವರ್ನೆಲ್. ಲಕ್ವ ಹೊಡೆದು ಎರಡು ವರ್ಷವಾಗಿದೆ. ಒಂದು ಕೈ ಆಡುತ್ತದೆ, ಮಾತು ನಿಧಾನ. ಚರ್ಚಿನವರಿಗೆಲ್ಲ ಗೊತ್ತಿದೆಯಂತೆ, ನನಗೆ ಗೊತ್ತಿದೆಯೆಂದು ಎಲ್ಲರೂ ತಿಳಿದಿದ್ದರು.

"ಭಾನುವಾರ ಪಕ್ಕದ ಮನೆಯವರು ಹನ್ನೊಂದೂಕಾಲರ ತನಕ ಇವಳ ಹತ್ತಿರ ಕೂತಿರುತ್ತಾರೆ," ಎಂದರು ಕ್ಲೇಟನ್. "ಆಮೇಲೆ ಅವರು ಕೆಲಸಕ್ಕೆ ಹೋಗಬೇಕು. ನಿಮ್ಮ ಇಪ್ಪತ್ನಾಲ್ಕು ನಿಮಿಷದ ದಿನಗಳಲ್ಲಿ ನಾನೇ ಹಾಕಿಸಿದ ಕೆಂಪು ದೀಪಗಳನ್ನು ನಾನೇ ದಾಟಿಕೊಂಡು ಬಂದಿದ್ದೇನೆ."

ಹತ್ತು ತಿಂಗಳು ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ನಾಚಿಕೆಯಾಯಿತು.

"ಪ್ರಸಂಗ ಹೇಗಿತ್ತು ಎಂದು ಕೇಳಿದರೆ ಇವರು ಹನ್ನೊಂದು ನಿಮಿಷ ಅನ್ನುತ್ತಾರೆ," ಎಂದರು ವರ್ನೆಲ್. "ಒಳಗೇನಿತ್ತು ಹೇಳಿ."

ಮಂಚದ ಪಕ್ಕ ಕೂತು ಹೇಳಿದೆ. ನಡುವೆ ಎರಡು ಸಲ ತಡೆದು, "ಇದು ಬೇಡ" ಎಂದರು. ನಿಜಕ್ಕೂ ಬೇಡವಾಗಿತ್ತು. ಪತ್ರದ ವಿಷಯ ಕೇಳುವುದು ಮರೆತೇಹೋಯಿತು. ಬಾಗಿಲಲ್ಲಿ "ಐ ವಿಲ್ ಕಮ್" ಎಂದೆ. ಪ್ರತಿ ಸೋಮವಾರ ಎಂದೂ ಸೇರಿಸಿದೆ.

ಅಕ್ಟೋಬರ್ 1

ಪ್ರಾಣಿಗಳನ್ನು ಆಶೀರ್ವದಿಸುವ ಭಾನುವಾರ. ನಮ್ಮ ಚರ್ಚಿನ ಅಂಗಳದಲ್ಲಿ ಹದಿನೇಳು ನಾಯಿ, ಒಂದು ಆಮೆ, ಒಂದು ಹೆಬ್ಬಾವು. ಹೆಬ್ಬಾವು ಭಕ್ತಿಯಿಂದ ತಲೆಬಾಗಿತು. ಬಿಷಪ್ ಕಚ್ಚಿದ. ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡೇ ಏಳು ನಿಮಿಷ ಮಾತಾಡಿದೆ, ಕ್ಷಮೆಯ ಬಗ್ಗೆ.

ಸುವಾನಿಗೆ ವಿಡಿಯೋ ಕಳಿಸಲು ಇನ್ನು ಹತ್ತೇ ದಿನ. ಕಳಿಸುವಂಥದ್ದು ಕ್ರಿಸ್ಮಸ್ಸಿನದೊಂದೇ ಇದೆ.

ನವೆಂಬರ್ 12. ಸುವಾನಿ

ಅವಿನಾಶ್ ನನಗೆ ಹೇಳದೆ ತ್ರಯೈಕ್ಯದ ವಿಡಿಯೋವನ್ನೂ ಬೆಕ್ಕು ಕಚ್ಚಿದ ದಿನದ್ದನ್ನೂ ಸೇರಿಸಿ ಕಳಿಸಿದ್ದರು. ಜಗಳವಾಡುವಷ್ಟರಲ್ಲಿ ಸುವಾನಿಯವರು ಕರೆದೇಬಿಟ್ಟರು. ಇವತ್ತು ಅವರ ಚರ್ಚಿನಲ್ಲಿ ಪ್ರಸಂಗ ಮಾಡಿದೆ. ನಿಜಕ್ಕೂ ಒಂಬೈನೂರು ಜನ. ನನ್ನ ಮುಖ ಗೋಡೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಯಾರ ಮೊಣಕಾಲು ನೋಯುತ್ತದೋ, ಯಾರ ಮಗ ಫೋನು ಮಾಡುವುದಿಲ್ಲವೋ ಒಂದೂ ಗೊತ್ತಿಲ್ಲದೆ ಮಾತಾಡುವುದು ವಿಚಿತ್ರವೆನಿಸಿತು. ಅಭ್ಯಾಸ ತಪ್ಪಿದೆ ನನಗೆ.

ಆಮೇಲೆ ಸಂದರ್ಶನ. ಈಗಿನ ಕೆಲಸದ ಬಗ್ಗೆ ಸ್ವಲ್ಪ ಹೇಳಿ ಎಂದರು. ಗಡಿಯಾರ ನೋಡಿದಾಗ ನಲವತ್ತು ನಿಮಿಷವಾಗಿತ್ತು. ಒಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು, ನೆಗಡಿಯಿರಬೇಕು. ಆಯ್ಕೆ ಸಮಿತಿಯ ಅಧ್ಯಕ್ಷೆ, "ಇಲ್ಲಿ ಮನೆ ಭೇಟಿಗೆ ಬೇರೆ ಸಿಬ್ಬಂದಿ ಇದ್ದಾರೆ, ನಿಮಗೆ ಆ ತಾಪತ್ರಯವಿಲ್ಲ" ಎಂದರು. ಬಹಳ ಸಂತೋಷ ಎಂದೆ.

ನವೆಂಬರ್ 21

ಮಧ್ಯಾಹ್ನ ಸುವಾನಿಯ ಅಧ್ಯಕ್ಷೆಯ ಫೋನು ಬಂತು. ನನ್ನನ್ನೇ ಆರಿಸಿದ್ದಾರೆ. ಕುರ್ಚಿಯಿಂದ ಎದ್ದೇಬಿಟ್ಟೆ. ಕ್ಲೇಟನ್ ತಮಗೆ ಕಳಿಸಿದ್ದ ಪತ್ರವನ್ನು, ನನಗೆ ಸಂತೋಷವಾಗಲೆಂದು, ಅಧ್ಯಕ್ಷೆಯೇ ಓದಿ ಹೇಳಿದರು. ಕೇಳಿ ಬರೆದುಕೊಂಡಿದ್ದೇನೆ.

"ಒಂದು ವರ್ಷದಲ್ಲಿ ಪ್ರಸಂಗದ ಅವಧಿ ಇಪ್ಪತ್ನಾಲ್ಕು ನಿಮಿಷದಿಂದ ಎಂಟಕ್ಕೆ ಇಳಿದಿದೆ. ಬರುವವರು ನಲವತ್ತೊಂದರಿಂದ ಎಪ್ಪತ್ಮೂರಕ್ಕೆ ಏರಿದ್ದಾರೆ. ಮನೆ ಭೇಟಿ ಇನ್ನೂರ ಹದಿನಾಲ್ಕು. ಇವರನ್ನು ಇಲ್ಲೇ ಉಳಿಸಿಕೊಡಿ ಎಂದು ನಾವು ಜೂನ್‌ನಲ್ಲೇ ಬಿಷಪ್ಪರಿಗೆ ಬರೆದೆವು, ಅವರು ಒಪ್ಪಿದ್ದಾರೆ. ಒತ್ತಾಯವಾದೀತೆಂದು ರೆವರೆಂಡ್‌ಗೆ ಹೇಳಿಲ್ಲ. ನೀವು ನಿಜ ಕೇಳಿದ್ದರಿಂದ ನಿಜ ಬರೆದಿದ್ದೇನೆ. ಸುಳ್ಳು ಬರೆದು ಇವರನ್ನು ಉಳಿಸಿಕೊಳ್ಳೋಣವೆಂದು ನನ್ನ ಹೆಂಡತಿ ಹೇಳಿದಳು."

ಅಧ್ಯಕ್ಷೆ, "ಜನವರಿಯಿಂದ ಬನ್ನಿ. ಸೋಮವಾರ ಬೆಳಿಗ್ಗೆ ಸಿಬ್ಬಂದಿ ಸಭೆ" ಎಂದರು.

"ಸೋಮವಾರ ಆಗುವುದಿಲ್ಲ," ಎಂದೆ. "ವರ್ನೆಲ್‌ಗೆ ಪ್ರಸಂಗ ಹೇಳಬೇಕು."

"ಹಾಗಾದರೆ ಗುರುವಾರ ಇಟ್ಟುಕೊಳ್ಳೋಣ."

"ಗುರುವಾರ ಓಪಲ್."

"ರೆವರೆಂಡ್, ಅವರಿರುವುದು ವರ್ಜೀನಿಯಾದಲ್ಲಿ."

"ಹೌದು."

"ನೀವು ಬರುತ್ತೀರೋ ಇಲ್ಲವೋ?"

ವರ್ಷವಿಡೀ ಕಂಡಕಂಡ ಬಾಗಿಲಲ್ಲಿ ಬರುತ್ತೇನೆ ಬರುತ್ತೇನೆ ಎಂದ ನಾಲಿಗೆ ಈ ಸಲ ಹಾಗೆನ್ನಲು ಒಪ್ಪಲಿಲ್ಲ. ಕ್ಷಮಿಸಿ, ಬರುವುದಿಲ್ಲ ಎಂದೆ. ಆಮೇಲೆ ಅವಿನಾಶ್‌ಗೆ, ದಿನಗಳು ಹೊಂದಲಿಲ್ಲ ಎಂದು ಹೇಳಿದೆ.

"ದಿನಾ ಹೊಂದಲಿಲ್ಲಂತ ಒಂಬೈನೂರು ಮಂದಿನ ಬಿಟ್ಟಿ?"

"ಹೂಂ ರೀ."

"ಛಲೋ ಆತು ಬಿಡು," ಎಂದು ಚಹಾಕ್ಕಿಟ್ಟರು.

ನವೆಂಬರ್ 27. ಸೋಮವಾರ

ನಿನ್ನೆ ಚರ್ಚಿನ ವರ್ಷದ ಕೊನೆಯ ಭಾನುವಾರ. ಇವತ್ತು ಆ ಪ್ರಸಂಗವನ್ನು ವರ್ನೆಲ್‌ಗೆ ಹೇಳಲು ಹೋದೆ. ಸುವಾನಿಗೆ ಒಲ್ಲೆನೆಂದ ಸುದ್ದಿ ಆಗಲೇ ತಲುಪಿತ್ತು. ಕ್ಲೇಟನ್ ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ತಾವೂ ಕುಳಿತರು. ಕೇಳುವವರು ಇಬ್ಬರೇ, ಆದರೂ ಸುವಾನಿಯಲ್ಲಿ ಆಗದ ಹೆದರಿಕೆ ಇಲ್ಲಿ ಆಯಿತು. ಚೆನ್ನಾಗಿ ಬರಬೇಕು ಎಂದು ಅಷ್ಟು ಆಸೆಯಾಗಿತ್ತು.

ಮೊದಲು ವಾಕ್ಯ ಓದಿದೆ. ನಾನು ರೋಗದಲ್ಲಿ ಬಿದ್ದಿದ್ದೆ, ನೀವು ನನ್ನನ್ನು ನೋಡಲು ಬಂದಿರಿ ಎಂಬುದು. ಇನ್ನೇನು ವಿವರಣೆ ಶುರು ಮಾಡಬೇಕು, ಅಷ್ಟರಲ್ಲಿ ವರ್ನೆಲ್ ಆಡುವ ಒಂದು ಕೈಯನ್ನು ಮೆಲ್ಲನೆ ತಂದು ನನ್ನ ಹಾಳೆಗಳ ಮೇಲಿಟ್ಟರು.

"ಇದನ್ನು ನೀವು ನನಗೆ ಹೇಳಬೇಕಾಗಿಲ್ಲ," ಎಂದರು.

ಕೈ ತೆಗೆಯಲಿಲ್ಲ. ನನಗೆ ಅಳು ಬಂತು, ಕ್ಲೇಟನ್ ಕಿಟಕಿಯ ಕಡೆ ತಿರುಗಿದರು. ಪ್ರಸಂಗದ ಹಾಳೆಗಳನ್ನು ಅಲ್ಲೇ ಮಂಚದ ಮೇಲೆ ಬಿಟ್ಟು ಬಂದಿದ್ದೇನೆ.